ನಂಬಿಕೆ ಮತ್ತು ಅರಿವು (ದೇವರ ವಿಷಯದಲ್ಲಿ)

ದೇವರಿದ್ದಾನೆಂದು ಒಪ್ಪಿ ನಡೆಯುವುದು ನಂಬಿಕೆ; ಆ ಇರವನ್ನು ಪ್ರಮಾಣದಿಂದಲೋ ಅನುಭವದಿಂದಲೋ ಕಂಡುಕೊಳ್ಳುವುದು ಅರಿವು. ಉತ್ತರ ಕೊಡಗಿನ ಶನಿವಾರಸಂತೆ, ಕೊಡ್ಲಿಪೇಟೆ ಸೀಮೆಯ ವೀರಶೈವ ಮನೆಗಳಲ್ಲಿ ಈ ಭೇದ ಬರಿಯ ತರ್ಕವಲ್ಲ, ಬದುಕಿನ ಕ್ರಮ. 1834ರವರೆಗೆ ಕೊಡಗನ್ನಾಳಿದ ಹಾಲೇರಿ ಅರಸರೂ ಇದೇ ಮತದವರು.

ವೀರಶೈವರು ಮೈಮೇಲೆ ಧರಿಸುವ ಇಷ್ಟಲಿಂಗ ಹಲವರ ಕೊರಳಿಗೆ ಬರುವುದು ತಿಳಿವಳಿಕೆ ಮೂಡುವ ಮುನ್ನವೇ. ಅದು ಹಿರಿಯರಿಂದ ಬಂದ ನಂಬಿಕೆ. ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟು ನೋಡುವ ಪೂಜೆ ಅದನ್ನು ಅರಿವಿನತ್ತ ಒಯ್ಯಬೇಕು. ವೀರಶೈವ ಸಾಧನೆಯ ಆರು ಹಂತಗಳಾದ ಷಟ್‌ಸ್ಥಲದ ಮೆಟ್ಟಿಲುಗಳಲ್ಲಿ ಈ ದಾರಿ ಸ್ಪಷ್ಟ: ಭಕ್ತಸ್ಥಲದಲ್ಲಿ ಶ್ರದ್ಧೆ, ಮಹೇಶದಲ್ಲಿ ನಿಷ್ಠೆ, ಪ್ರಸಾದಿಯಲ್ಲಿ ಅವಧಾನ, ಪ್ರಾಣಲಿಂಗಿಯಲ್ಲಿ ಅನುಭಾವ (ನೇರ ಒಳಗಿನ ಅನುಭವ), ಮುಂದೆ ಶರಣ, ಐಕ್ಯ. ಶ್ರದ್ಧೆಯನ್ನು ತಳ್ಳಿಹಾಕದೆ, ಅಲ್ಲಿಯೇ ನಿಲ್ಲಲೂ ಬಿಡದಿರುವುದು 12ನೆಯ ಶತಮಾನದ ವಚನಕಾರ ಶರಣರ ದೊಡ್ಡ ಕೊಡುಗೆ. ಅವರಲ್ಲೊಬ್ಬನಾದ ಅಲ್ಲಮಪ್ರಭು ಹೊರಗಿನ ಕುರುಹಿಗೇ ಅಂಟಿಕೊಂಡ ಭಕ್ತಿಯನ್ನು ಬಿಡದೆ ಪ್ರಶ್ನಿಸಿದ.

ಇತರ ದರ್ಶನಗಳ ನಿಲುವು ಬೇರೆ. ನ್ಯಾಯದರ್ಶನದ ಉದಯನ ತನ್ನ ‘ನ್ಯಾಯಕುಸುಮಾಂಜಲಿ’ಯಲ್ಲಿ ಅನುಮಾನದಿಂದಲೇ, ಅಂದರೆ ತರ್ಕದ ಊಹೆಯಿಂದಲೇ, ಈಶ್ವರನನ್ನು ಸಾಧಿಸಹೊರಟ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರೂ ಉಡುಪಿಯ ಮಧ್ವರೂ ಬರಿಯ ಅನುಮಾನ ಸಾಲದು, ಶಾಸ್ತ್ರವೇ ಪ್ರಮಾಣವೆಂದರು. ಆದ್ದರಿಂದ ಅವರಿಗೆ ಶಾಸ್ತ್ರವಚನದಿಂದ ಬಂದದ್ದು ಕುರುಡುನಂಬಿಕೆಯಲ್ಲ, ಜ್ಞಾನವೇ. ಇಂದಿನ ಚರ್ಚೆಗಳು ಬಹಳ ಸಲ ಮರೆಯುವ ಅಂಶವಿದು.

ಹೊಸಗನ್ನಡದಲ್ಲಿ ಎ.ಎನ್. ಮೂರ್ತಿರಾಯರ ‘ದೇವರು’ ಇದೇ ಪ್ರಶ್ನೆಯನ್ನು ವಿಚಾರವಾದದ ಕಡೆಯಿಂದ ಪ್ರಾಮಾಣಿಕವಾಗಿ ಎತ್ತಿಕೊಂಡ ಕೃತಿ. ಸಾಂತ್ವನ ಕೊಡುವ ನಂಬಿಕೆ ಅಷ್ಟರಿಂದಲೇ ಸತ್ಯವಾಗುವುದಿಲ್ಲವೆಂಬ ಆಕ್ಷೇಪಕ್ಕೆ ಅನುಭಾವಿಯೂ ಉತ್ತರ ಹೇಳಬೇಕಾಗುತ್ತದೆ: ತಾನು ಕಂಡದ್ದನ್ನು ಕಾಣದವರಿಗೆ ತೋರಿಸುವ ಬಗೆ ಯಾವುದು?