ಲಾಲ್‌ಬಾಗಲ್ಲಿ ಏನ್ ಬೆಳೀತರೆ?

ಕೆಲವು ವರ್ಷದ ಹಿಂದೆ ಆಗಸ್ಟ್ ಹದಿನೈದರ ಫಲಪುಷ್ಪ ಪ್ರದರ್ಶನಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಮುಳ್ಳೂರಿಂದ ಬೆಳಿಗ್ಗೆ ಬಸ್ಸಿಗೆ ಬಂದಿದ್ದರು. ಗಾಜಿನ ಮನೆಯ ಮುಂದೆ ಜನವೋ ಜನ. ಎಲ್ಲರ ಕೈಯಲ್ಲೂ ಮೊಬೈಲು. ಅಪ್ಪ ಹೂವಿನ ಕಡೆ ಒಂದು ಸಲ ನೋಡಿದರು, ಆಮೇಲೆ ಮಣ್ಣು ನೋಡಿದರು, ಸುತ್ತ ಕಣ್ಣು ಹಾಯಿಸಿ ಕೇಳಿದರು: "ಅಲ್ಲಾ ಮಗ, ಇಷ್ಟು ಜಮೀನು ಮಡೀಕಂಡು ಇವ್ರು ಏನ್ ಬೆಳೀತರೆ?"

ನಾನು ನಕ್ಕುಬಿಟ್ಟೆ. "ಇದು ಬೆಳೆಯೋಕಲ್ಲಪ್ಪ, ನೋಡೋಕೆ" ಅಂದೆ. ಅಪ್ಪ ಸುಮ್ಮನಾದರು. ಕಾವೇರಿ ದಡದಲ್ಲಿ ಭತ್ತ, ಕಬ್ಬು, ಹಿಪ್ಪುನೇರಳೆ ಬೆಳೆದು ನನ್ನನ್ನು ಬಿಇ ಓದಿಸಿದ ಮನುಷ್ಯ. 240 ಎಕರೆ ಸುಮ್ಮನೆ ನೋಡೋಕೆ ಅಂದರೆ ಅವರಿಗೆ ಹೇಗೆ ಒಪ್ಪಿಗೆಯಾಗಬೇಕು?

ಆಮೇಲೆ ಒಂದಷ್ಟು ಓದಿಕೊಂಡೆ. ತಪ್ಪು ನನ್ನದೇ. ಅಪ್ಪ ಕೇಳಿದ್ದೇ ಸರಿಯಾದ ಪ್ರಶ್ನೆ.

1760ರಲ್ಲಿ ಹೈದರ್ ಅಲಿ ಈ ತೋಟ ಹಾಕಿಸಿದಾಗ ಇದ್ದದ್ದು ಸುಮಾರು 40 ಎಕರೆ. ಮುಂದೆ ಟಿಪ್ಪು ಹೊರದೇಶಗಳಿಂದ ಬೀಜ, ಗಿಡ ತರಿಸಿ ಬೆಳೆಸಿದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇಲ್ಲಿಗೆ ಬಂದ. ಕಂಪನಿ ಸರ್ಕಾರ ಅವನನ್ನು ಕಳಿಸಿದ್ದು ಹೊಸದಾಗಿ ಗೆದ್ದ ಸೀಮೆಯಲ್ಲಿ ಯಾವ ಮಣ್ಣು, ಯಾವ ಬೆಳೆ ಅಂತ ಲೆಕ್ಕ ಬರೆಯೋಕೆ. ಅವನು ಕಂಡದ್ದು ಚೌಕ ಚೌಕದ ಪಾತಿಗಳು, ನಡುವೆ ದಾರಿ, ದಾರಿಯ ಪಕ್ಕ ಸೈಪ್ರೆಸ್ ಮರ. ಒಂದು ಪಾತಿ ತುಂಬ ಗುಲಾಬಿ, ಇನ್ನೊಂದು ತುಂಬ ದಾಳಿಂಬೆ, ಹೀಗೆ ಒಂದೊಂದು ಗಿಡಕ್ಕೆ ಒಂದೊಂದು ಜಾಗ. ನೀರಿನದೇ ತೊಂದರೆ ಅಂತಲೂ ಬರೆದ. ಅಪ್ಪನ ತೋಟಕ್ಕೆ ಕೆರೆನೀರು ತಾನೇ ಹರಿಯುತ್ತಿತ್ತು, ಮಗನ ತೋಟಕ್ಕೆ ಕಪಿಲೆ ಹೊಡೆಯಬೇಕಿತ್ತು. ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಅದೇ ಕಪಿಲೆ, ನಮ್ಮ ತಾತ ಹೊಡೆದದ್ದು. ಸುಲ್ತಾನನ ತೋಟಕ್ಕೂ ನಮ್ಮ ತಾತನ ಹೊಲಕ್ಕೂ ಅಂಥ ವ್ಯತ್ಯಾಸವೇನೂ ಇರಲಿಲ್ಲ ಅನ್ನಿ.

1856ರಲ್ಲಿ ಇದು ಸರ್ಕಾರಿ ಸಸ್ಯೋದ್ಯಾನವಾಯಿತು. ಅದಕ್ಕೆ ಸಲಹೆ ಕೊಟ್ಟವರಲ್ಲಿ ಮುಖ್ಯ ಹ್ಯೂ ಕ್ಲೆಗಾರ್ನ್, ಮದ್ರಾಸಿನ ಅರಣ್ಯಾಧಿಕಾರಿ. ಎರಡು ವರ್ಷ ಕಳೆದು ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಎಂಬುವವನು ಮೇಲ್ವಿಚಾರಕನಾಗಿ ಬಂದ. ಕ್ಯೂ ಅಂದರೆ ಆಗಿನ ಕಾಲಕ್ಕೆ ಗಿಡಗಳ ಹೆಡ್ ಆಫೀಸು. ಎಲ್ಲೆಲ್ಲಿ ಬ್ರಿಟಿಷ್ ಬಾವುಟವಿತ್ತೋ ಅಲ್ಲೆಲ್ಲ ಇಂಥ ತೋಟಗಳು. ಒಂದು ದೇಶದ ಗಿಡ ಇನ್ನೊಂದು ದೇಶದಲ್ಲಿ ಬದುಕುತ್ತದಾ, ಬದುಕಿದರೆ ದುಡ್ಡಾಗುತ್ತದಾ ಅಂತ ನೋಡೋದು ಇವುಗಳ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸ್ಟೇಜಿಂಗ್ ಸರ್ವರ್. ನೇರ ರೈತನ ಹೊಲಕ್ಕೆ ಬಿಟ್ಟು ಕೈಸುಟ್ಟುಕೊಳ್ಳುವ ಬದಲು ಇಲ್ಲಿ ಮೊದಲು ಟೆಸ್ಟ್ ಮಾಡಬೇಕು. ಇದನ್ನೆಲ್ಲ ಅವರು ರೈತನ ಮೇಲಿನ ಪ್ರೀತಿಗೆ ಮಾಡಲಿಲ್ಲ, ಲಾಭಕ್ಕೆ ಮಾಡಿದರು. ಆದರೆ ಬೀಜಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ, ಹಾಕಿದವರ ಹಿತ್ತಲಲ್ಲಿ ಮೊಳೆಯುತ್ತದೆ.

1874ರಲ್ಲಿ ಜಾನ್ ಕ್ಯಾಮೆರಾನ್ ಬಂದ. 1908ರ ತನಕ ಇದ್ದ. 45 ಎಕರೆ ಇದ್ದ ತೋಟ 1894ರ ಹೊತ್ತಿಗೆ 188 ಎಕರೆಯಾಯಿತು. ನಾವು ಸೆಲ್ಫಿ ತೆಗೆದುಕೊಳ್ಳುವ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಅಡಿಗಲ್ಲು ಹಾಕಿದ್ದೂ ಇವನ ಕಾಲದಲ್ಲೇ. ಆದರೆ ನನಗೆ ಇದಕ್ಕಿಂತ ದೊಡ್ಡದು ಅನ್ನಿಸೋದು ಅವನು ತಂದ ಒಂದು ಬಳ್ಳಿ, ಸೀಮೆಬದನೆ. ಮೆಕ್ಸಿಕೋ ಕಡೆಯ ಈ ಕಾಯನ್ನು ಬೆಂಗಳೂರಿಗೆ ಪರಿಚಯಿಸಿದವನು ಕ್ಯಾಮೆರಾನ್. ಎಲೆಕೋಸು, ಹೂಕೋಸು, ನವಿಲುಕೋಸಿನಂಥ ತರಕಾರಿಗಳನ್ನು ಈ ಸೀಮೆಯಲ್ಲಿ ಬೆಳೆಸಿ ಹರಡಿದ್ದರಲ್ಲೂ ಅವನ ಕೈಯಿದೆ. ನಮ್ಮ ಜನ ಹೊರಗಿಂದ ಬಂದದ್ದಕ್ಕೆಲ್ಲ 'ಸೀಮೆ' ಸೇರಿಸಿಬಿಡುತ್ತಾರೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಇತ್ತ ನಾವು ಸೀಮೆಬದನೆ ಅಂದರೆ ಅತ್ತ ತಮಿಳರು ಅದನ್ನೇ ಬೆಂಗಳೂರು ಬದನೆ ಅನ್ನುತ್ತಾರೆ. ಕೊಳ್ಳೇಗಾಲದ ಸಂತೆಯಲ್ಲಿ ನಾನು ಎರಡು ಹೆಸರೂ ಕೇಳಿದ್ದೇನೆ. 1956ರ ತನಕ ನಮ್ಮ ತಾಲ್ಲೂಕು ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತಲ್ಲ, ಎರಡು ಭಾಷೆಯೂ ಸಂತೆಗೆ ಬರುತ್ತವೆ.

ಕ್ಯಾಮೆರಾನ್ ಆದಮೇಲೆ ಜರ್ಮನಿಯ ಕ್ರುಂಬಿಗಲ್. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವ ಹಾಗೆ ಸಾಲುಮರ ಯೋಜಿಸಿದವನು. ಅವನ ನಂತರ ಎಚ್.ಸಿ. ಜವರಾಯ, ಈ ಹುದ್ದೆಗೆ ಬಂದ ಮೊದಲ ಭಾರತೀಯ. 1951ರಲ್ಲಿ ಎಂ.ಎಚ್. ಮರೀಗೌಡ. ಇವರ ಬಗ್ಗೆ ಓದುವಾಗ ನನಗೆ ಮೈ ಜುಮ್ ಅಂದಿತು. ಯಾಕೆ ಅಂದರೆ ಇವರೂ ನಮ್ಮ ಕಡೆಯವರೇ. ನಮ್ಮ ಪಕ್ಕದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಮಾರಿಗೌಡನಹಳ್ಳಿ. ಹಳ್ಳಿಯಿಂದ ಹೋಗಿ ಹಾರ್ವರ್ಡಿನಲ್ಲಿ ಪಿಎಚ್‌ಡಿ ಮಾಡಿ, ವಾಪಸ್ ಬಂದು ಮಣ್ಣಿಗೇ ಇಳಿದವರು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾಯಿತು. ಮರೀಗೌಡರು ಲಾಲ್‌ಬಾಗನ್ನು ಬೆಂಗಳೂರಿನ ಕಾಂಪೌಂಡಿನಿಂದ ಹೊರಗೆ ತಂದರು. ರಾಜ್ಯದ ಉದ್ದಗಲಕ್ಕೂ ಸರ್ಕಾರಿ ತೋಟಗಾರಿಕೆ ಕ್ಷೇತ್ರ, ನರ್ಸರಿ ಮಾಡಿಸಿ, ಕಸಿ ಸಸಿ ರೈತನ ಊರ ಹತ್ತಿರವೇ ಸಿಗೋ ಹಾಗೆ ಮಾಡಿದರು. ಸ್ಟೇಜಿಂಗಿನಲ್ಲಿ ಪಾಸಾದದ್ದು ಪ್ರೊಡಕ್ಷನ್ನಿಗೆ ಹೋಗಿದ್ದು ಹೀಗೆ.

ಇಷ್ಟು ಓದಿದ ಮೇಲೆ ಒಂದು ಭಾನುವಾರ ಮತ್ತೆ ಹೋದೆ, ಈ ಸಲ ಜಾಗಿಂಗ್ ಶೂ ಇಲ್ಲದೆ. ಅಲ್ಲಿ ತೋಟಗಾರಿಕೆ ತರಬೇತಿ ಕೇಂದ್ರ ಅಂತ ಒಂದಿದೆ. ಎಸ್ಎಸ್ಎಲ್‌ಸಿ ಓದಿದ ರೈತರ ಮಕ್ಕಳಿಗೆ ಹತ್ತು ತಿಂಗಳ ಕೋರ್ಸು. ಕಸಿ ಕಟ್ಟೋದು, ನರ್ಸರಿ ನಡೆಸೋದು, ಎಲ್ಲ ಕೈಯಾರೆ ಮಾಡಿ ಕಲಿಯಬೇಕು. ಶಿಷ್ಯವೇತನವನ್ನೂ ಕೊಡುತ್ತಾರೆ. ಎಂಟು ವರ್ಷ ಆ ತೋಟದಲ್ಲಿ ಓಡಿದ್ದೇನೆ, ಒಂದು ದಿನವೂ ನಿಂತು ವಿಚಾರಿಸಿರಲಿಲ್ಲ.

ನನಗೆ ಚುಚ್ಚಿದ್ದು ಯಾಕೆ ಅಂದರೆ, ನನ್ನ ಚಿಕ್ಕಪ್ಪನ ಮಗ ಪಿಯುಸಿ ಫೇಲಾಗಿ "ಅಣ್ಣ, ಏನಾದ್ರೂ ದಾರಿ ತೋರ್ಸು" ಅಂತ ನನ್ನ ರೂಮಿಗೆ ಬಂದಿದ್ದ. ಅವನಿಗೆ ಗಿಡ ಅಂದರೆ ಜೀವ. ನಾನು ಡೆಲಿವರಿ ಕೆಲಸಕ್ಕೆ ಸೇರಿಸಿದೆ. ಲಾಲ್‌ಬಾಗಿನ ಗೇಟಿನ ಮುಂದೆಯೇ ದಿನಕ್ಕೆ ಹತ್ತು ಸಲ ಬೈಕಿನಲ್ಲಿ ಓಡಾಡಿದ. ಒಳಗೆ ಅವನಿಗೆ ಒಂದು ಬೆಂಚು ಇತ್ತು ಅಂತ ಅವನಿಗೂ ಗೊತ್ತಿರಲಿಲ್ಲ, ಬಿಇ ಓದಿದ ನನಗೂ ಗೊತ್ತಿರಲಿಲ್ಲ.

ನೀವು ಜನವರಿ ಇಪ್ಪತ್ತಾರಕ್ಕೋ, ಆಗಸ್ಟ್ ಹದಿನೈದಕ್ಕೋ, ಮಾವಿನ ಮೇಳಕ್ಕೋ ಹೋಗೇ ಹೋಗುತ್ತೀರಿ. ಹೋಗಿ, ಫೋಟೋನೂ ತೆಗೆಯಿರಿ. ಜೊತೆಗೆ ಒಂದು ನಿಮಿಷ ನಿಂತು ತರಬೇತಿಯ ಅರ್ಜಿ ಯಾವಾಗ ಕೊಡುತ್ತಾರೆ ಅಂತ ಕೇಳಿಕೊಳ್ಳಿ. ನಿಮಗೆ ಬೇಡದೇ ಇರಬಹುದು, ನಿಮ್ಮೂರಲ್ಲಿ ಯಾರಿಗೋ ಬೇಕಾಗಿರುತ್ತದೆ.

ಮೊನ್ನೆ ಊರಿಗೆ ಫೋನ್ ಮಾಡಿ ಅಪ್ಪನಿಗೆ ಸೀಮೆಬದನೆ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅದ್ಕೇ ಕನ ಮಗ ಕೇಳ್ದದ್ದು" ಅಂದರು. ಆಮೇಲೆ ಚಿಕ್ಕಪ್ಪನ ಮಗನ ನಂಬರ್ ಕೇಳಿದರು.