ಮೌನ ಸಮ್ಮತಿಯಲ್ಲ



‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ನೀವು ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಮದುವೆಯ ಮಾತುಕತೆಯಲ್ಲಿ ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕುಳಿತರೆ, ಅವಳಿಗೆ ಒಪ್ಪಿಗೆಯಿದೆ ಎಂದು ಮನೆಯವರು ನಗುತ್ತಾ ಮುಂದಿನ ಮಾತಿಗೆ ಹೋಗುತ್ತಾರೆ. ಅವಳು ನಿಜವಾಗಿ ಒಪ್ಪಿದಳೋ, ಹೆದರಿ ಸುಮ್ಮನಾದಳೋ ಎಂದು ಕೇಳುವವರು ಕಡಿಮೆ. ಇದೇ ನಂಬಿಕೆ ನ್ಯಾಯಾಲಯದೊಳಗೆ ಕಾಲಿಟ್ಟು ತೀರ್ಪಿನ ಆಧಾರವಾದರೆ ಏನಾದೀತು? ನಮ್ಮ ದೇಶದಲ್ಲಿ ಅಂಥದ್ದೊಂದು ಸಂದರ್ಭ ಬಂದಿತ್ತು. ಅದನ್ನು ಸರಿಪಡಿಸಲು ನಡೆದ ಪ್ರಯತ್ನ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಠಾಣೆಯಲ್ಲಿ ಒಂದು ರಾತ್ರಿ

1972ರ ಮಾರ್ಚ್ 26. ಮಹಾರಾಷ್ಟ್ರದಲ್ಲಿ, ಇಂದು ಗಡಚಿರೋಲಿ ಜಿಲ್ಲೆಗೆ ಸೇರಿರುವ ದೇಸಾಯಿಗಂಜ್ ಎಂಬ ಊರು. ಹದಿಹರೆಯದ ಒಬ್ಬ ಬಡ ಆದಿವಾಸಿ ಹುಡುಗಿಯನ್ನು, ಅವಳ ಅಣ್ಣ ಕೊಟ್ಟ ಒಂದು ದೂರಿನ ವಿಚಾರಣೆಗಾಗಿ ಪೊಲೀಸ್ ಠಾಣೆಗೆ ಕರೆತರಲಾಗಿತ್ತು. ರಾತ್ರಿ ಬಹಳ ಹೊತ್ತಾಗಿತ್ತು. ಉಳಿದವರನ್ನು ಹೊರಗೆ ಕಳುಹಿಸಿ, ಅವಳೊಬ್ಬಳನ್ನು ಒಳಗೆ ಉಳಿಸಿಕೊಳ್ಳಲಾಯಿತು. ಠಾಣೆಯಲ್ಲಿದ್ದ ಇಬ್ಬರು ಪೊಲೀಸರಲ್ಲಿ ಒಬ್ಬ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದೂ, ಮತ್ತೊಬ್ಬ ಮೈಮೇಲೆ ಕೈಹಾಕಿದನೆಂದೂ ಅವಳು ಹೇಳಿದಳು. ಮನೆಯವರು ಹೊರಗೆ ಕಾಯುತ್ತಲೇ ಇದ್ದರು.

ಆ ಹುಡುಗಿಯ ಹೆಸರನ್ನು ಇಲ್ಲಿ ಬರೆದಿಲ್ಲ. ಇಂಥ ಪ್ರಕರಣಗಳಲ್ಲಿ ನೊಂದವಳ ಹೆಸರನ್ನು ಪ್ರಕಟಿಸಬಾರದೆಂಬ ಕಾನೂನು ಬಂದದ್ದೂ ಈ ಪ್ರಕರಣದ ನಂತರವೇ.

1974ರಲ್ಲಿ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಹುಡುಗಿಗೆ ಈ ಮೊದಲೇ ಒಬ್ಬ ಯುವಕನೊಡನೆ ಸಂಬಂಧವಿತ್ತು, ಆದ್ದರಿಂದ ಅವಳ ಮಾತನ್ನು ನಂಬಲಾಗದು ಎಂಬುದು ಅಲ್ಲಿನ ವಾದಸರಣಿ. 1976ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ ಈ ತೀರ್ಪನ್ನು ತಳ್ಳಿಹಾಕಿ, ಇಬ್ಬರಿಗೂ ಶಿಕ್ಷೆ ವಿಧಿಸಿತು. ಭಯದಿಂದ ಅಸಹಾಯಕಳಾಗಿ ಸುಮ್ಮನಿದ್ದುದನ್ನು ಒಪ್ಪಿಗೆ ಎನ್ನಲಾಗದು ಎಂದು ಅದು ಹೇಳಿತು. ಆದರೆ 1978ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಅವಳ ಮೈಮೇಲೆ ಗಾಯದ ಗುರುತುಗಳಿರಲಿಲ್ಲ; ಆದುದರಿಂದ ಅವಳು ಪ್ರತಿಭಟಿಸಿದಳೆಂಬ ಮಾತು ನಿಜವಲ್ಲ ಎಂದು ಅದು ತೀರ್ಮಾನಿಸಿತು.

ನೀವೇ ಯೋಚಿಸಿ. ಅದು ರಾತ್ರಿಯ ಹೊತ್ತು. ಪೊಲೀಸ್ ಠಾಣೆ. ಒಂದು ಕಡೆ ಅಧಿಕಾರವುಳ್ಳ ಇಬ್ಬರು ಗಂಡಸರು. ಇನ್ನೊಂದು ಕಡೆ ಓದುಬರಹ, ಹಣ, ಬೆಂಬಲ ಯಾವುದೂ ಇಲ್ಲದ ಒಬ್ಬ ಹುಡುಗಿ. ಅವಳು ಹೊಡೆದಾಡಿ ಗಾಯ ಮಾಡಿಕೊಂಡಿದ್ದರೆ ಮಾತ್ರ ಅವಳ ಮಾತು ಸತ್ಯವೇ?

ನಾಲ್ವರು ಬರೆದ ಪತ್ರ

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಕಾನೂನು ಕಲಿಸುತ್ತಿದ್ದ ನಾಲ್ವರು: ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಮತ್ತು ವಸುಧಾ ಧಾಗಮ್‌ವಾರ್. 1979ರ ಸೆಪ್ಟೆಂಬರ್ 16ರಂದು ಅವರು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಹೀಗೆ ನೇರವಾಗಿ ಪ್ರಶ್ನಿಸುವುದು ಅಂದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಪತ್ರದ ತಿರುಳು ಸರಳ. ಒಪ್ಪಿಗೆ ಬೇರೆ, ಮಣಿಯುವುದು ಬೇರೆ. ಒಪ್ಪಿದವರು ಮಣಿಯಬಹುದು, ಆದರೆ ಮಣಿದವರೆಲ್ಲ ಒಪ್ಪಿದ್ದಾರೆಂದು ಹೇಳಲಾಗದು. ಕತ್ತಿ ತೋರಿಸಿದ ಕಳ್ಳನಿಗೆ ಚೀಲ ಕೊಟ್ಟವನನ್ನು ಯಾರಾದರೂ ದಾನಿ ಎನ್ನುತ್ತಾರೆಯೇ? ವ್ಯತ್ಯಾಸ ಅಷ್ಟು ಸ್ಪಷ್ಟ.

ಪತ್ರದ ಸುದ್ದಿ ಹರಡಿತು. 1980ರ ಮಾರ್ಚ್ 8ರಂದು, ಅಂತಾರಾಷ್ಟ್ರೀಯ ಮಹಿಳಾ ದಿನ, ಹಲವು ನಗರಗಳಲ್ಲಿ ಮಹಿಳೆಯರು ಬೀದಿಗಿಳಿದರು. ಸರ್ವೋಚ್ಚ ನ್ಯಾಯಾಲಯ ತನ್ನ ತೀರ್ಪನ್ನು ಬದಲಿಸಲಿಲ್ಲ. ಆ ಹುಡುಗಿಗೆ ನ್ಯಾಯ ಸಿಗಲಿಲ್ಲ. ಆದರೆ ಅವಳ ಪ್ರಕರಣ ಕಾನೂನನ್ನೇ ಬದಲಿಸಿತು.

ಬದಲಾದ ಕಾನೂನು

1983ರಲ್ಲಿ ಸಂಸತ್ತು ಅಪರಾಧ ಕಾನೂನಿಗೆ ತಿದ್ದುಪಡಿ ತಂದಿತು. ಸಾಕ್ಷ್ಯ ಅಧಿನಿಯಮಕ್ಕೆ 114ಎ ಎಂಬ ಹೊಸ ಕಲಂ ಸೇರಿತು. ಪೊಲೀಸ್ ಅಥವಾ ಇತರ ವಶದಲ್ಲಿ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಕೃತ್ಯ ನಡೆದದ್ದು ರುಜುವಾತಾಗಿ, ತಾನು ಒಪ್ಪಿರಲಿಲ್ಲವೆಂದು ಮಹಿಳೆ ನ್ಯಾಯಾಲಯದಲ್ಲಿ ಹೇಳಿದರೆ, ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು ಎಂಬುದು ಅದರ ಸಾರ. ಇಂಥ ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆಯಬೇಕು, ನೊಂದವಳ ಗುರುತು ಹೊರಬೀಳಬಾರದು ಎಂಬ ನಿಯಮಗಳೂ ಆಗಲೇ ಬಂದವು.

ಇದು ಆರೋಪಿಗೆ ಮಾಡಿದ ಅನ್ಯಾಯವೆಂದು ನಿಮಗೆ ಅನಿಸಬಹುದು. ಹಾಗಲ್ಲ. ಕೃತ್ಯ ನಡೆಯಿತೆಂದು ರುಜುವಾತು ಮಾಡುವ ಹೊಣೆ ಸರ್ಕಾರದ ಮೇಲೆಯೇ ಉಳಿಯಿತು. ನ್ಯಾಯಾಲಯದ ಭಾವನೆಯನ್ನು ಸಾಕ್ಷ್ಯದಿಂದ ಅಲ್ಲಗಳೆಯುವ ಅವಕಾಶ ಆರೋಪಿಗೂ ಉಂಟು.

ಆದರೂ ಒಂದು ಹಳೆಯ ಮುಳ್ಳು ಹಾಗೆಯೇ ಇತ್ತು. 1872ರ ಸಾಕ್ಷ್ಯ ಅಧಿನಿಯಮದ 155ನೆಯ ಕಲಂ, ಅತ್ಯಾಚಾರದ ದೂರು ಕೊಟ್ಟವಳ ‘ನಡತೆ ಸರಿಯಿಲ್ಲ’ ಎಂದು ತೋರಿಸಿ ಅವಳ ಮಾತಿನ ಬೆಲೆ ತಗ್ಗಿಸಲು ಅವಕಾಶ ಕೊಟ್ಟಿತ್ತು. ಪಾಟೀಸವಾಲು ಎಂದರೆ ಎಷ್ಟೋ ಹೆಣ್ಣುಮಕ್ಕಳ ಪಾಲಿಗೆ ಎರಡನೆಯ ಅವಮಾನವಾಗಿತ್ತು. 1996ರಲ್ಲಿ ಪಂಜಾಬಿನ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಇಂಥ ಪ್ರಶ್ನೆಗಳನ್ನು ತಡೆಯುವುದು ನ್ಯಾಯಾಧೀಶರ ಕರ್ತವ್ಯವೆಂದು ಎಚ್ಚರಿಸಿತು. 2002ರ ತಿದ್ದುಪಡಿಯಲ್ಲಿ ಆ ಭಾಗವನ್ನು ಕಿತ್ತುಹಾಕಲಾಯಿತು. ಅಷ್ಟರಲ್ಲಿ 130 ವರ್ಷ ಕಳೆದಿದ್ದವು.

ದೆಹಲಿಯ 2012ರ ಡಿಸೆಂಬರ್ ಘಟನೆಯ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟಿತು. 2013ರ ತಿದ್ದುಪಡಿ ಬಂತು. ಒಬ್ಬ ಮಹಿಳೆ ದೈಹಿಕವಾಗಿ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದಳೆಂದು ತಿಳಿಯಬಾರದು ಎಂದು ಕಾನೂನು ಈಗ ಬಾಯಿಬಿಟ್ಟು ಹೇಳಿತು. ದೇಸಾಯಿಗಂಜ್ ಠಾಣೆಯ ಆ ರಾತ್ರಿಗೂ ಈ ಒಂದು ವಾಕ್ಯಕ್ಕೂ ನಡುವೆ 41 ವರ್ಷಗಳ ಅಂತರ! 2024ರ ಜುಲೈ 1ರಂದು ಹಳೆಯ ಸಂಹಿತೆಗಳ ಜಾಗಕ್ಕೆ ಹೊಸವು ಬಂದಾಗಲೂ ಈ ನಿಯಮಗಳು ಉಳಿದುಕೊಂಡವು.

ತೀರ್ಪಿನ ಭಾಷೆ

ಕಾನೂನು ಬದಲಾದರೆ ಸಾಕೇ? ಸಾಲದು. ಅದನ್ನು ಓದುವ ಮನಸ್ಸೂ ಬದಲಾಗಬೇಕು. ನಮ್ಮ ಕರ್ನಾಟಕದ್ದೇ ಉದಾಹರಣೆ ನೋಡಿ. 2020ರ ಜೂನ್ ತಿಂಗಳ ಒಂದು ಜಾಮೀನು ಆದೇಶದಲ್ಲಿ ನಮ್ಮ ಉಚ್ಚ ನ್ಯಾಯಾಲಯ, ಘಟನೆಯ ನಂತರ ಆಯಾಸದಿಂದ ನಿದ್ದೆಹೋದೆ ಎಂಬ ದೂರುದಾರಳ ಮಾತು ಭಾರತೀಯ ಮಹಿಳೆಗೆ ತಕ್ಕುದಲ್ಲ ಎಂಬರ್ಥದ ಮಾತನ್ನು ಬರೆಯಿತು. ಟೀಕೆ ಬಂದ ಮೇಲೆ ಜುಲೈ ಮೊದಲ ವಾರದಲ್ಲಿ ಆ ಮಾತನ್ನು ಆದೇಶದಿಂದ ತೆಗೆಯಲಾಯಿತು. ಅದೇ ವರ್ಷ ಮಧ್ಯಪ್ರದೇಶದ ಉಚ್ಚ ನ್ಯಾಯಾಲಯ, ಕಿರುಕುಳದ ಆರೋಪಿಯೊಬ್ಬ ದೂರು ಕೊಟ್ಟವಳ ಮನೆಗೇ ಹೋಗಿ ರಾಖಿ ಕಟ್ಟಿಸಿಕೊಳ್ಳಬೇಕೆಂದು ಜಾಮೀನಿಗೆ ಷರತ್ತು ಹಾಕಿತು. 2021ರ ಮಾರ್ಚ್ 18ರಂದು ಸರ್ವೋಚ್ಚ ನ್ಯಾಯಾಲಯ ಈ ಷರತ್ತನ್ನು ರದ್ದುಮಾಡಿತು. ‘ಒಳ್ಳೆಯ ಹೆಣ್ಣು ಹೀಗಿರಬೇಕು’ ಎಂಬಂಥ ಮಾತುಗಳನ್ನು ನ್ಯಾಯಾಧೀಶರು ಆಡಬಾರದು, ಅವರಿಗೆ ಈ ಬಗ್ಗೆ ತರಬೇತಿ ಬೇಕು ಎಂದೂ ಹೇಳಿತು. 2023ರ ಆಗಸ್ಟಿನಲ್ಲಿ ನ್ಯಾಯಾಧೀಶರು ಮತ್ತು ವಕೀಲರಿಗಾಗಿ ಒಂದು ಕೈಪಿಡಿಯನ್ನೂ ಹೊರತಂದಿತು. ಹೆಣ್ಣನ್ನು ಕುರಿತ ಹಳೆಯ ಪದಗಳು ಯಾವುವು, ಬದಲಿಗೆ ಏನು ಬಳಸಬೇಕು ಎಂಬ ಪಟ್ಟಿ ಅದರಲ್ಲಿದೆ.

ಪೀಠದ ಮೇಲೆ ಯಾರಿದ್ದಾರೆ ಎಂಬುದೂ ಮುಖ್ಯ. 1916ರಲ್ಲಿ ರೆಜಿನಾ ಗುಹಾ ಎಂಬ ಪದವೀಧರೆಗೆ ವಕೀಲಿ ಮಾಡಲು ಕಲ್ಕತ್ತಾ ಉಚ್ಚ ನ್ಯಾಯಾಲಯ ಅನುಮತಿ ಕೊಡಲಿಲ್ಲ, ಅವರು ಹೆಣ್ಣು ಎಂಬ ಕಾರಣಕ್ಕೆ. 1923ರ ಕಾಯಿದೆ ಆ ಬಾಗಿಲು ತೆರೆಯಿತು. ಸರ್ವೋಚ್ಚ ನ್ಯಾಯಾಲಯಕ್ಕೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಫಾತಿಮಾ ಬೀವಿ ಬಂದದ್ದು 1989ರಲ್ಲಿ. ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಮಂಜುಳಾ ಚೆಲ್ಲೂರು ಬಂದದ್ದು 2000ದಲ್ಲಿ. 2021ರ ಆಗಸ್ಟ್ 31ರಂದು ಕನ್ನಡತಿ ಬಿ.ವಿ. ನಾಗರತ್ನ ಸೇರಿದಂತೆ ಮೂವರು ಒಂದೇ ದಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಈ ಮೂವರನ್ನೂ ಎಣಿಸಿದರೆ, 1950ರಿಂದ ಅಂದಿನವರೆಗೆ ಅಲ್ಲಿಗೆ ಬಂದ ಮಹಿಳೆಯರು ಒಟ್ಟು 11 ಮಂದಿ ಮಾತ್ರ.

ಮಿತ್ರರೇ, ಈ ಇತಿಹಾಸ ಇನ್ನೂ ಮುಗಿದಿಲ್ಲ. ಇಂಥ ಒಂದು ತೀರ್ಪಿನ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಅಲ್ಲಿ ಚರ್ಚೆಯಾದದ್ದು ಆರೋಪಿಯ ಕೃತ್ಯವೋ, ದೂರು ಕೊಟ್ಟವಳ ನಡತೆಯೋ? ಅವಳ ಮೌನಕ್ಕೆ ಕಾರಣವನ್ನು ಯಾರಾದರೂ ವಿಚಾರಿಸಿದರೇ? ಅದೇ ಪ್ರಶ್ನೆಯನ್ನು ಗಂಡಸೊಬ್ಬನಿಗೆ ಕೇಳುತ್ತಿದ್ದರೇ? ಉತ್ತರ ಸಮಾಧಾನ ತರದಿದ್ದರೆ ತರಗತಿಯಲ್ಲಿ ಚರ್ಚಿಸಿ, ಬರೆಯಿರಿ. 1979ರಲ್ಲಿ ಆ ನಾಲ್ವರ ಕೈಯಲ್ಲಿ ಇದ್ದದ್ದೂ ಒಂದು ಕಾಗದ, ಒಂದು ಲೇಖನಿ ಮಾತ್ರ.