ಡಂಬಳದ ದತ್ತಿ, ಬೊಕ್ಕಸದ ಲೆಕ್ಕ

ಗದಗ–ಮುಂಡರಗಿ ದಾರಿಯ ಡಂಬಳಕ್ಕೆ ಜನ ಬರುವುದು ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರ ನೋಡಲು. ಊರಿನ 1095ರ ಶಾಸನವನ್ನು ಕೇಳುವವರು ಕಡಿಮೆ. ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ. ಊರಿನ ಹೆಸರು ಆಗ ಧರ್ಮವೊಳಲ್. ಇಲ್ಲಿಯ ಹದಿನಾರು ಸೆಟ್ಟಿಗಳು ಒಂದು ಬೌದ್ಧ ವಿಹಾರ ಕಟ್ಟಿಸಿದ್ದರು, ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿ ಇನ್ನೊಂದನ್ನು. ತಾರಾದೇವಿಯ ಸ್ತುತಿಯಿಂದ ಶುರುವಾಗುವ ಶಾಸನ, ಎರಡಕ್ಕೂ ಬಿಟ್ಟ ದತ್ತಿಯನ್ನು ದಾಖಲಿಸುತ್ತದೆ.

ಆ ಕಾಲದ ಶಾಸನಗಳಲ್ಲಿ ‘ಸರ್ವನಮಸ್ಯ’ವೆಂದು ಬಿಟ್ಟ ಭೂಮಿಗೆ ಯಾವ ತೆರಿಗೆಯೂ ಇಲ್ಲ. ಅರಸ ಹೊನ್ನು ಎಣಿಸಿ ಕೊಡುತ್ತಿರಲಿಲ್ಲ, ಬರಬೇಕಾದ್ದನ್ನು ಬಿಡುತ್ತಿದ್ದ. ಗುಡಿಯ ದೀಪ, ಮಠದ ಊಟ, ಓದಿಸುವ ಉಪಾಧ್ಯಾಯರ ಜೀವನ ಅದರಿಂದಲೇ ನಡೆಯುತ್ತಿತ್ತು. ಇದು ಸಹಾಯಧನವಲ್ಲದೆ ಮತ್ತೇನು?

ಹಾಗೆಂದು ಲೆಕ್ಕ ಹಾಕಿದವರು ಈಸ್ಟ್ ಇಂಡಿಯಾ ಕಂಪನಿಯವರು. ಹೀಗೆ ತೆರಿಗೆ ಬಿಟ್ಟ ಭೂಮಿಗೆ ಆಗ ಇನಾಂ ಎಂಬ ಹೆಸರು. 1852ರ 11ನೇ ಕಾಯ್ದೆಯ ಇನಾಂ ಕಮಿಷನ್ ದಕ್ಷಿಣ ಮರಾಠಾ ಪ್ರಾಂತದ ಇನಾಂದಾರರಿಂದ ಸನದು, ದಾಖಲೆ ಕೇಳಿತು. ತಲೆಮಾರುಗಳಿಂದ ಉಂಡುಬಂದವರ ಬಳಿ ಕಾಗದ ಎಲ್ಲಿಂದ ಬರಬೇಕು! ಆ ಸಿಟ್ಟೂ ಸೇರಿ 1858ರಲ್ಲಿ ಮುಂಡರಗಿ ಭೀಮರಾವ್ ಬಂಡೆದ್ದ. ಡಂಬಳದ ಸರ್ಕಾರಿ ಖಜಾನೆ ಲೂಟಿಯಾಯಿತು. ಅವನು ಕೊಪ್ಪಳದ ಕೋಟೆಯಲ್ಲಿ ಮಡಿದ.

ಇಂದು ರಾಜ್ಯ ಸರ್ಕಾರದ ‘ಗೃಹಲಕ್ಷ್ಮಿ’ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಪುಕ್ಕಟೆ ಎನ್ನುವವರಿಗೆ ಕಂಪನಿಗಳ ತೆರಿಗೆ ವಿನಾಯಿತಿ ಪ್ರೋತ್ಸಾಹವಾಗಿ ಕಾಣುತ್ತದೆ. ಒಂದು ಖರ್ಚಿನ ಪಟ್ಟಿಯಲ್ಲಿದೆ, ಇನ್ನೊಂದು ಜಮೆಯಾಗುವುದೇ ಇಲ್ಲ. ಬೊಕ್ಕಸಕ್ಕೆ ಎರಡೂ ಖೋತಾ. ಹೀಗೆ ಬಿಟ್ಟುಕೊಟ್ಟ ತೆರಿಗೆಯ ಅಂದಾಜನ್ನು ಕೇಂದ್ರ ಸರ್ಕಾರ ಬಜೆಟ್ ಜೊತೆಗೆ ಪ್ರಕಟಿಸತೊಡಗಿದ್ದು 2006ರಲ್ಲಿ.